ಕಡಲ ನಗರದ ಕೆಲಸ, ಒಣಸೀಮೆಯ ಕನ್ನಡ: ರೊಳ್ಳದಿಂದ ಕಂಡ ಮದರಾಸು ಮತ್ತು ವಿಶಾಖಪಟ್ಟಣ

ರೊಳ್ಳದಿಂದ ಅತಿ ಸಮೀಪದ ಕಡಲಿಗೆ ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ಉಡುಪಿ, ಮಂಗಳೂರುಗಳ ತೀರವನ್ನು. ಆದರೆ ಈ ಊರಿನ ಆಡಳಿತದ ಕಾಗದಗಳು 1800ರಿಂದೀಚೆಗೆ ಆ ದಿಕ್ಕಿಗೆ ಹೋದುದಿಲ್ಲ. 1953ರವರೆಗೆ ಅವು ಮೂಡಣ ಕಡಲಿನ ಮದರಾಸಿಗೆ ಹೋದುವು. ಆಮೇಲೆ ಕರ್ನೂಲಿಗೆ, ಅಲ್ಲಿಂದ ಹೈದರಾಬಾದಿಗೆ. 2014ರ ವಿಭಜನೆಯ ತರುವಾಯ ಕರಾವಳಿ ಆಂಧ್ರದ ಕಡೆಗೆ. ಇಂದಿನ ಆಂಧ್ರಪ್ರದೇಶದ ಅತಿ ದೊಡ್ಡ ನಗರ ವಿಶಾಖಪಟ್ಟಣ. ಬಂದರು, ಉಕ್ಕಿನ ಕಾರ್ಖಾನೆ, ನೌಕಾನೆಲೆ, ಪ್ರವಾಸಿಗರ ಕಡಲದಂಡೆ ಎಲ್ಲವೂ ಒಂದೆಡೆ ಸೇರಿದ ಊರು ಅದು. ಹೀಗೆ ನಡುವಿನ ಆರು ದಶಕಗಳನ್ನು ಬಿಟ್ಟರೆ, ಒಣಬೇಸಾಯದ ಈ ಕನ್ನಡ ಸೀಮೆ ಎರಡು ಶತಮಾನಗಳಿಂದಲೂ ಯಾವುದಾದರೊಂದು ಕಡಲ ನಗರವನ್ನು ತನ್ನ ರಾಜ್ಯದ ಹಿರಿಯ ನಗರವೆಂದು ಎಣಿಸಿಕೊಂಡು ಬಂದಿದೆ. ಆ ನಗರಗಳ ಉದ್ಯೋಗದಲ್ಲಿ ಇದಕ್ಕೆ ದೊರೆತ ಪಾಲು ಮಾತ್ರ ತೀರ ಕಿರಿದು.

ಇದಕ್ಕೆ ದೂರವೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಮದರಾಸಿನ ಅತ್ಯಂತ ಹೆಸರಾದ ಕನ್ನಡದ ಉದ್ಯಮಿ ಕೆ. ಕೃಷ್ಣರಾವ್ ಹೊರಟದ್ದು ಮೂಡುಬಿದಿರೆಯ ಬಳಿಯ ಕಡಂದಲೆಯಿಂದ. ಕಡಂದಲೆಗೂ ಮದರಾಸಿಗೂ ನಡುವೆ ಇರುವ ದೂರ, ರೊಳ್ಳಕ್ಕೂ ಮದರಾಸಿಗೂ ಇರುವುದಕ್ಕಿಂತ ಬಹಳ ಹೆಚ್ಚು. ಸಾಲದುದಕ್ಕೆ ನಡುವೆ ಘಟ್ಟವೂ ಇದೆ. ಆದುದರಿಂದ ಮೈಲಿಗಳನ್ನು ಬಿಟ್ಟು, ಯಾವ ಕೆಲಸ ಯಾವ ಬಾಗಿಲಿನಿಂದ ಸಿಗುತ್ತಿತ್ತು ಎಂಬುದನ್ನು ನೋಡಬೇಕಾಗುತ್ತದೆ.

ಮೊದಲಿಗೆ ಈ ಸೀಮೆಯ ಹಳೆಯ ಮುಖ ಯಾವ ಕಡೆಗಿತ್ತು ಎಂಬುದು. ಮಡಕಶಿರಾ ತಾಲ್ಲೂಕನ್ನು ಮೂರು ಕಡೆಯಿಂದ ಮೈಸೂರಿನ ನೆಲ ಸುತ್ತುವರಿದಿದೆ. ಅದರ ಪಡುವಣ ಅಂಚಿನ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಿ ಮನೆಮಾತು ಹೆಚ್ಚಾಗಿ ಕನ್ನಡ. ಇಲ್ಲಿನ ಕುಂಚಿಟಿಗರ ಕುಲಗಳು ಶಿರಾ, ಮಧುಗಿರಿ, ಹಿರಿಯೂರು ಸೀಮೆಗಳಲ್ಲಿಯೂ ಹರಡಿವೆ; ಹೆಣ್ಣು ಕೊಟ್ಟು ತರುವ ದಾರಿಗಳು ಗಡಿಯನ್ನು ಲೆಕ್ಕಿಸಿದವಲ್ಲ. ರೊಳ್ಳದ ನೆರೆಯ ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪನಾಯಕನೇ ಶಿರಾದ ಕೋಟೆಯನ್ನು ಕಟ್ಟಲಾರಂಭಿಸಿದವನು. ಅದು ಮುಗಿಯುವ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಕೈಸೇರಿತು. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆಯಿತು. ಒಂದು ಪ್ರಾಂತ್ಯದ ರಾಜಧಾನಿ, ಅದರ ದಫ್ತರ, ಸೈನ್ಯ, ಪೇಟೆ ಸಹಿತವಾಗಿ, ರೊಳ್ಳದವರಿಗೆ ಒಂದು ಹಗಲಿನ ನಡಿಗೆಯಷ್ಟು ಹತ್ತಿರದಲ್ಲಿದ್ದ ಕಾಲ ಅದು. ಅಂಥ ಕಾಲ ಮತ್ತೆ ಬರಲಿಲ್ಲ.

1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದೊಂದಿಗೆ ಮಡಕಶಿರಾ ಮದರಾಸಿನ ಆಳ್ವಿಕೆಗೆ ಸೇರಿತು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರನಾಗಿದ್ದು ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ರೈತನೊಬ್ಬನೊಡನೆ ನೇರವಾಗಿ ಲೆಕ್ಕ ಇಡುವ ಈ ಪದ್ಧತಿಗೆ ಬರೆವ ಕೈಗಳು ಅಪಾರವಾಗಿ ಬೇಕಾದುವು. ಊರಿನಲ್ಲಿ ಶಾನುಭೋಗ, ತಾಲ್ಲೂಕಿನಲ್ಲಿ ಗುಮಾಸ್ತ, ಜಿಲ್ಲೆಯಲ್ಲಿ ಮುನ್ಷಿ, ಇವರೆಲ್ಲರ ಮೇಲೆ ಮದರಾಸಿನಲ್ಲಿ ಭಾಷೆ ಬಲ್ಲ ದೊರೆ. ಆ ದೊರೆಗಳಿಗೆ ದೇಶಭಾಷೆ ಕಲಿಸಲು 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾಯಿತು. ಅಲ್ಲಿ ಕಲಿಸಿದ ಭಾಷೆಗಳಲ್ಲಿ ಕನ್ನಡವೂ ಒಂದು. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಲ್ಲಿಯೇ ಹೊರಬಂದಿತು. ಕನ್ನಡದ ವಿದ್ವತ್ ಚರಿತ್ರೆಯಲ್ಲಿ ಈ ಗ್ರಂಥಗಳಿಗೆ ಗೌರವದ ಸ್ಥಾನವಿದೆ. ಆದರೆ ಅವು ಹುಟ್ಟಿದ್ದು ಒಂದು ಉದ್ಯೋಗ ಮಾರುಕಟ್ಟೆಯ ಅಗತ್ಯದಿಂದ: ಕನ್ನಡ ಕಲಿಯಬೇಕಾಗಿದ್ದವನು ಅಧಿಕಾರಿ, ಕಲಿಸಿ ಸಂಬಳ ಪಡೆಯುತ್ತಿದ್ದವನು ಪಂಡಿತ. ಮದರಾಸಿನಲ್ಲಿ ಕನ್ನಡಕ್ಕೆ ಮೊದಲ ಬೆಲೆ ಕಟ್ಟಿದ್ದು ಹೀಗೆ.

ಈ ಬೆಲೆ ನೂರೈವತ್ತು ವರ್ಷಗಳ ಕಾಲ ಉಳಿಯಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಕೊಳ್ಳೇಗಾಲ, ಮಡಕಶಿರಾದಂತಹ ತಾಲ್ಲೂಕುಗಳೂ ಒಂದೇ ರಾಜಧಾನಿಯ ಅಧೀನದಲ್ಲಿದ್ದುದರಿಂದ, ಕನ್ನಡ ಓದಬಲ್ಲ, ಭಾಷಾಂತರಿಸಬಲ್ಲ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಬಲ್ಲ ಜನ ಮದರಾಸಿಗೆ ಬೇಕಾಗಿದ್ದರು. ಮದರಾಸು ವಿಶ್ವವಿದ್ಯಾನಿಲಯದ ಪ್ರಾಚ್ಯ ಸಂಶೋಧನ ಸಂಸ್ಥೆ 1927ರಲ್ಲಿ ಸ್ಥಾಪನೆಯಾದಾಗ ಅದರಲ್ಲಿ ಕನ್ನಡಕ್ಕೂ ಎಡೆ ದೊರೆಯಿತು. ಅ. ವೆಂಕಟರಾವ್ ಮತ್ತು ಹೆ. ಶೇಷಯ್ಯಂಗಾರ್ ಸಂಪಾದಿಸಿದ ಕವಿರಾಜಮಾರ್ಗ 1930ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮೈಸೂರು ಸರಕಾರವಲ್ಲ, ಮದರಾಸು ಸರಕಾರ. ಕನ್ನಡ ತನ್ನದೆಂದು ಆ ನಗರ ಅಧಿಕೃತವಾಗಿ ಒಪ್ಪಿಕೊಂಡಿತ್ತೆಂಬುದಕ್ಕೆ ಇದು ಒಂದು ಸಾಕ್ಷ್ಯ.

ರೊಳ್ಳದ ಸೀಮೆಗೆ ಇದರಿಂದ ಪ್ರಯೋಜನವಾಯಿತೆ? ಮದರಾಸು ಈ ಸೀಮೆಗೆ ಅನ್ನ ಕೊಟ್ಟಿತೆನ್ನುವುದು ಅತಿಶಯೋಕ್ತಿಯಾದೀತು. ಸರಕಾರದ ಕೆಲಸಕ್ಕೆ ಇಂಗ್ಲಿಷ್ ಬೇಕಾಗಿತ್ತು; ಇಂಗ್ಲಿಷ್ ಕಲಿಯಲು ಊರು ಬಿಡಬೇಕಾಗಿತ್ತು. ದತ್ತ ಮಂಡಲಕ್ಕೆ ತನ್ನದೇ ಸರಕಾರಿ ಕಾಲೇಜು ಅನಂತಪುರದಲ್ಲಿ ದೊರೆತದ್ದು 1916ರಲ್ಲಿ, ಮದರಾಸಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಸುಮಾರು ಅರುವತ್ತು ವರ್ಷಗಳ ಮೇಲೆ. ಅದುವರೆಗೆ ಈ ಭಾಗದಿಂದ ಮದರಾಸಿನ ಕಚೇರಿಯ ಮೆಟ್ಟಿಲು ಹತ್ತಬಹುದಾಗಿದ್ದವರು ಅನುಕೂಲಸ್ಥ ಶಾನುಭೋಗ ಮನೆತನಗಳ ಕೆಲವೇ ಹುಡುಗರು. ಪ್ರಾಂತ್ಯ ಸರಕಾರದ ನೇಮಕಾತಿಯಲ್ಲಿ ಹಂಚಿಕೆ ಆರಂಭವಾದಾಗಲೂ ಅದು ಸಮುದಾಯವನ್ನು ಗಣಿಸಿತೇ ಹೊರತು ಜಿಲ್ಲೆಯನ್ನಾಗಲಿ ಭಾಷೆಯನ್ನಾಗಲಿ ಗಣಿಸಲಿಲ್ಲ. 1921ರಲ್ಲಿ ಹೊರಟು 1927ರಲ್ಲಿ ಸ್ಪಷ್ಟ ರೂಪ ಪಡೆದ ಕೋಮುವಾರು ಆಜ್ಞೆಯ ಪ್ರಕಾರ ಪ್ರತಿ ಹನ್ನೆರಡು ಹುದ್ದೆಗಳಲ್ಲಿ ಐದು ಬ್ರಾಹ್ಮಣೇತರ ಹಿಂದೂಗಳಿಗೆ, ಎರಡು ಬ್ರಾಹ್ಮಣರಿಗೆ, ಎರಡು ಮುಸಲ್ಮಾನರಿಗೆ, ಎರಡು ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ, ಒಂದು ದಲಿತರಿಗೆ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ. ಆದರೆ ಆ ಐದು ಹುದ್ದೆಗಳಿಗೆ ತಂಜಾವೂರಿನ ವೆಳ್ಳಾಳ, ಗುಂಟೂರಿನ ಕಮ್ಮ, ಮಡಕಶಿರಾದ ಕುಂಚಿಟಿಗ ಸಮಾನ ಸ್ಪರ್ಧಿಗಳು. ನದೀಮುಖಜ ಭೂಮಿಯ ಶ್ರೀಮಂತ ಶಾಲೆಗಳಿಂದ ಬಂದವರ ಎದುರು ಒಣನೆಲದವನ ಗೆಲುವು ವಿರಳವೇ.

ಪಕ್ಕದ ಮೈಸೂರಿನಲ್ಲಿ ಅವನಿಗೆ ಇನ್ನೊಂದು ತೊಡಕು ಇತ್ತು. 1881ರ ಮರುಸ್ಥಾಪನೆಯ ಬಳಿಕ ದಿವಾನರಾದ ರಂಗಾಚಾರ್ಲು, ಅವರ ತರುವಾಯ 1883ರಿಂದ 1901ರವರೆಗೆ ಆಳಿದ ಶೇಷಾದ್ರಿ ಅಯ್ಯರ್ ಇಬ್ಬರೂ ಮದರಾಸು ಪ್ರಾಂತ್ಯದವರು. ಅವರ ಕಾಲದಲ್ಲಿ ಬೆಳೆದ ‘ಮೈಸೂರಿನವರು–ಮದರಾಸಿಗಳು’ ಎಂಬ ವಾಗ್ವಾದ ಮೈಸೂರಿನ ಸರಕಾರಿ ಸೇವೆಯನ್ನು ಬಹುಕಾಲ ಕಲಕಿತು. ಆ ವಾಗ್ವಾದದ ಗುರಿ ತಮಿಳು ಅಧಿಕಾರಿವರ್ಗ. ಆದರೆ ಕಾಗದದ ಲೆಕ್ಕದಲ್ಲಿ ರೊಳ್ಳದ ಕನ್ನಡಿಗನೂ ಮದರಾಸಿಯೇ. ಮನೆಯಲ್ಲಿ ಶಿರಾದವನ ಮಾತನ್ನೇ ಆಡುತ್ತಿದ್ದವನು ಮೈಸೂರಿನ ಅರ್ಜಿಯಲ್ಲಿ ಪರಪ್ರಾಂತ್ಯದವನಾಗುತ್ತಿದ್ದ. ವಿಚಿತ್ರವೆಂದರೆ ಅನಂತಪುರ ಜಿಲ್ಲೆಯಿಂದ ಮೈಸೂರಿಗೆ ಹೋಗಿ ಅಲ್ಲಿ ಬಾಳುಗಟ್ಟಿಕೊಂಡವರಲ್ಲಿ ಅತ್ಯಂತ ಪ್ರಸಿದ್ಧರು ತೆಲುಗು ವಿದ್ವಾಂಸ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. ಮಹಾರಾಜಾ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ಅವರು ತೆಲುಗು ಕಲಿಸಿದರು. ಮೈಸೂರಿಗೆ ತೆಲುಗು ಪಂಡಿತರ ಅಗತ್ಯವಿತ್ತು. ಕನ್ನಡ ಬಲ್ಲವರು ಅಲ್ಲಿ ಸಾಕಷ್ಟಿದ್ದರು. ಭಾಷೆಗೆ ಉದ್ಯೋಗದಲ್ಲಿ ಬೆಲೆ ಬರುವುದು ಅದು ವಿರಳವಾಗಿರುವೆಡೆಯಲ್ಲಿ ಎಂಬುದನ್ನು ಮದರಾಸಿನ ಕನ್ನಡವೂ ಮೈಸೂರಿನ ತೆಲುಗೂ ಒಟ್ಟಿಗೆ ತೋರಿಸುತ್ತವೆ.

ಕಚೇರಿಯಿಂದ ಈಗ ಅಡುಗೆಮನೆಗೆ ಬರಬೇಕು. ಮದರಾಸಿನ ಉದ್ಯೋಗ ಚರಿತ್ರೆಯಲ್ಲಿ ಕನ್ನಡಿಗರ ನಿಜವಾದ ಅಧ್ಯಾಯ ತೆರೆಯುವುದು ಅಲ್ಲಿಯೇ. ಬಂದರು, ಹೈಕೋರ್ಟು, ಸೆಕ್ರೆಟೇರಿಯಟ್ಟು, ಕಾಲೇಜು ಇರುವ ನಗರಕ್ಕೆ ದಿನವೂ ಹೊರಗಿನವರು ಬರುತ್ತಾರೆ. ಮರೀನಾ ಕಡಲದಂಡೆಯನ್ನು ನೋಡಲು ಬರುವವರೂ ಅವರಲ್ಲಿ ಸೇರುತ್ತಾರೆ. ಬಂದವರಿಗೆ ಊಟ, ವಸತಿ ಬೇಕು. ಜಾತಿಯ ಕಟ್ಟುಪಾಡು ಬಿಗಿಯಾಗಿದ್ದ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಬ್ರಾಹ್ಮಣ ಅಡುಗೆಯವರು ಬೇಯಿಸಿದ ಶುದ್ಧ ಸಸ್ಯಾಹಾರವೆಂಬ ಭರವಸೆ ದೊಡ್ಡ ಬಂಡವಾಳವಾಗಿತ್ತು. ಉಡುಪಿಯ ಅಷ್ಟಮಠಗಳ ಭೋಜನಶಾಲೆಗಳಲ್ಲಿ ನೂರಾರು ಜನಕ್ಕೆ ಬಡಿಸಿ ಪಳಗಿದ ಕೈಗಳು ಆ ಭರವಸೆಯನ್ನು ಪೂರೈಸಿದುವು. ಮಠದ ಪಾಕಶಾಲೆಯಲ್ಲಿ ದುಡಿದಿದ್ದ ಕಡಂದಲೆ ಕೃಷ್ಣರಾವ್ ಮದರಾಸಿಗೆ ಬಂದದ್ದು ಕೂಲಿಯ ಕೆಲಸಗಾರನಾಗಿ. ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿ, ಬಳಿಕ ಮೂವತ್ತರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜಮನೆತನದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಅವರು ವುಡ್‌ಲ್ಯಾಂಡ್ಸ್ ಆರಂಭಿಸಿದರು. ಮೈಸೂರಿನಲ್ಲಿ ಹೋಟೆಲು ತೆರೆದಿದ್ದ ಕೆ. ಸೀತಾರಾಮರಾವ್ ತಮ್ಮ ದಾಸಪ್ರಕಾಶವನ್ನು ಮದರಾಸಿನ ಪೂನಮಲ್ಲಿ ಹೈರೋಡಿಗೆ ತಂದರು. 1962ರಲ್ಲಿ ಕೆಥಡ್ರಲ್ ರಸ್ತೆಯ ತೋಟದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ತೆರೆಯುವ ಹೊತ್ತಿಗೆ ‘ಉಡುಪಿ ಹೋಟೆಲು’ ಎಂಬುದು ಇಡೀ ನಗರದ ಆಡುಮಾತಾಗಿತ್ತು.

ಈ ಹೋಟೆಲುಗಳ ನೇಮಕಾತಿಗೆ ಜಾಹೀರಾತು ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಊರಿಗೆ ಹೋದ ಭಟ್ಟರು ಹಿಂದಿರುಗುವಾಗ ಅಕ್ಕನ ಮಗನನ್ನೋ ನೆರೆಮನೆಯ ಮಾಣಿಯನ್ನೋ ಕರೆತರುತ್ತಿದ್ದರು. ಹುಡುಗ ಮೊದಲು ಎಲೆ ಎತ್ತಿ ಮೇಜು ಒರೆಸುವನು, ಆಮೇಲೆ ಬಡಿಸುವನು, ಕೈ ಚುರುಕಾಗಿದ್ದರೆ ಒಲೆಯ ಬಳಿಗೆ, ಲೆಕ್ಕ ಬಂದರೆ ಗಲ್ಲಾದ ಬಳಿಗೆ ಸರಿಯುವನು, ಹತ್ತು ಹದಿನೈದು ವರ್ಷಗಳಲ್ಲಿ ಧಣಿಯ ಸಾಲದಿಂದಲೋ ಚೀಟಿಯ ಹಣದಿಂದಲೋ ತನ್ನದೇ ಸಣ್ಣ ಅಂಗಡಿ ತೆರೆಯುವನು. ಮಲಗಲು ಹೋಟೆಲಿನ ಮಾಡಿಯೇ, ಉಣ್ಣಲು ಹೋಟೆಲೇ, ಸಂಬಳ ಊರಿಗೆ. ಕರಾವಳಿಯ ಕನ್ನಡದಲ್ಲಿ ‘ಹುಡುಗ’ ಎಂಬ ಅರ್ಥದ ‘ಮಾಣಿ’ ಎಂಬ ಮಾತು ಘಟ್ಟದ ಮೇಲಿನ ಕನ್ನಡದಲ್ಲಿ ಹೋಟೆಲಿನ ಪರಿಚಾರಕನೆಂಬ ಅರ್ಥಕ್ಕೆ ಇಳಿದುದು ಈ ವಲಸೆಯ ಫಲ. ಒಂದು ಶಬ್ದದ ಅರ್ಥ ಬದಲಿಸುವಷ್ಟು ಮಂದಿ ಊರು ಬಿಟ್ಟಿದ್ದರು. ಮುಂಬಯಿಯಲ್ಲಿ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅಲ್ಲಿ ಬಂಟರೂ ಇತರ ಸಮುದಾಯಗಳೂ ಈ ಉದ್ಯಮಕ್ಕೆ ಇಳಿದರು. ಹಗಲು ತಟ್ಟೆ ತೊಳೆದ ಹುಡುಗರು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿಗಳಿಗೆ ದಾಟಿದರು.

ಇಂತಹ ಸರಪಳಿಗೆ ಮೊದಲ ಕೊಂಡಿ ಬೇಕು. ಉಡುಪಿ ಸೀಮೆಗೆ ಅದನ್ನು ಕೊಟ್ಟದ್ದು ಮಠದ ಅಡುಗೆಮನೆ. ರೊಳ್ಳದ ರಾಗಿ, ಕಡಲೆಕಾಯಿ, ಹಿಪ್ಪುನೇರಳೆಯ ಬೇಸಾಯದಿಂದ ನಗರದಲ್ಲಿ ಮಾರಬಹುದಾದ ಅಂತಹ ಕುಶಲತೆ ಹುಟ್ಟಲಿಲ್ಲ. ಹುಟ್ಟಿದ್ದರೂ, ಅಂದಿನ ಗಿರಾಕಿ ಹುಡುಕುತ್ತಿದ್ದ ಜಾತಿಯ ಮುದ್ರೆ ಇಲ್ಲಿನ ಬಹುಪಾಲು ಜನಕ್ಕೆ ಇರಲಿಲ್ಲ. ಆದುದರಿಂದ ‘ಮದರಾಸಿನ ಕನ್ನಡಿಗರು’ ಎಂದು ಒಟ್ಟಾಗಿ ಹೇಳುವ ಮಾತಿನಲ್ಲಿ ಎಚ್ಚರ ಅಗತ್ಯ. ಅವರಲ್ಲಿ ಅನೇಕರ ಮನೆಮಾತು ತುಳು. ಅವರ ಒಗ್ಗಟ್ಟಿಗೆ ಆಧಾರ ಊರು ಮತ್ತು ಕುಲ. ಬೇರೆ ಊರಿನ ಕನ್ನಡಿಗನಿಗೆ ಅಲ್ಲಿ ಎಷ್ಟು ಆದರ ಸಿಕ್ಕಿದರೂ ಒಲೆಯ ಬಳಿ ಜಾಗ ಸಿಗುವುದು ಬೇರೆಯೇ ಮಾತು. ಹೊರನಾಡ ಕನ್ನಡಿಗರ ಸಾಧನೆಯನ್ನು ಬರೆಯುವ ಲೇಖನಗಳು ಈ ಒಳಭೇದವನ್ನು ಹೆಚ್ಚಾಗಿ ಮರೆಯುತ್ತವೆ.

ಮದರಾಸಿನಲ್ಲಿ ಕನ್ನಡಕ್ಕೆ ಕೂಲಿ ಸಿಕ್ಕ ಇನ್ನೊಂದು ಸ್ಥಳ ಚಿತ್ರೋದ್ಯಮ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆಗೆ ಬಂದಾಗ ಕನ್ನಡ ಚಿತ್ರದ ಕ್ಯಾಮೆರಾ, ಧ್ವನಿಗ್ರಹಣ, ಸಂಸ್ಕರಣಗಳಿಗೆ ಆ ನಗರದ ಸ್ಟುಡಿಯೋಗಳೇ ಮುಖ್ಯ ಆಸರೆ. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಅಲ್ಲಿದ್ದುಕೊಂಡೇ ರಾಜಕುಮಾರ್ ಅವರ ಕಂಠವಾದರು. ಕನ್ನಡ ಕಲಿತವನಿಗೆ ಕೆಲಸವಿದ್ದ ಊರು ಅದು. ಅರುವತ್ತರ ದಶಕದ ಉತ್ತರಾರ್ಧದಿಂದ ಮೈಸೂರು ಸರಕಾರದ ಸಹಾಯಧನ, ಬೆಂಗಳೂರಿನ ಸ್ಟುಡಿಯೋಗಳು ಬೆಳೆದಂತೆ ಆ ಉದ್ಯೋಗಗಳು ಮೆಲ್ಲಮೆಲ್ಲನೆ ಪಡುವಲಿಗೆ ಬಂದುವು.

ಇಷ್ಟರಲ್ಲಿ ಕಚೇರಿಯ ಬಾಗಿಲು ಮುಚ್ಚಿಹೋಗಿತ್ತು. ಅದರ ಹಿನ್ನೆಲೆಯಲ್ಲಿ ಇದ್ದುದೂ ಉದ್ಯೋಗದ ಆತಂಕವೇ. ಕರಾವಳಿ ಆಂಧ್ರದವರು ಶಿಕ್ಷಣದಲ್ಲಿಯೂ ಸಂಪತ್ತಿನಲ್ಲಿಯೂ ಮುಂದಿರುವುದರಿಂದ ಪ್ರತ್ಯೇಕ ರಾಜ್ಯದಲ್ಲಿ ಹುದ್ದೆಗಳೆಲ್ಲ ಅವರ ಪಾಲಾಗುವುವೆಂಬ ಭಯ ರಾಯಲಸೀಮೆಯ ಮುಖಂಡರಿಗಿತ್ತು. 1937ರ ನವೆಂಬರ್ 16ರಂದು ಮದರಾಸಿನಲ್ಲಿ ಕಾಶೀನಾಥುನಿ ನಾಗೇಶ್ವರರಾಯರ ‘ಶ್ರೀಬಾಗ್’ ಮನೆಯಲ್ಲಿ ಆದ ಒಪ್ಪಂದ ಆ ಭಯವನ್ನು ಶಮನಗೊಳಿಸುವ ಯತ್ನ. ಅನಂತಪುರದಲ್ಲಿ ವಿಶ್ವವಿದ್ಯಾನಿಲಯದ ಕೇಂದ್ರ, ನೀರಾವರಿಯಲ್ಲಿ ಆದ್ಯತೆ, ರಾಜಧಾನಿ ಅಥವಾ ಉಚ್ಚ ನ್ಯಾಯಾಲಯ ರಾಯಲಸೀಮೆಗೆ ಎಂಬುವು ಅದರ ಮುಖ್ಯ ಅಂಶಗಳು. ಕರಾವಳಿ ಮತ್ತು ಒಳನಾಡಿನ ನಡುವಿನ ಈ ಚೌಕಾಸಿಯಲ್ಲಿ ಒಳನಾಡಿನ ಕನ್ನಡಿಗರ ಭಾಷೆಯ ಪ್ರಸ್ತಾಪ ಬರಲಿಲ್ಲ. ಅವರು ರಾಯಲಸೀಮೆಯೊಳಗಿನ ಒಂದು ಅಂಚು. ಅಂಚಿನ ಅಂಚನ್ನು ಯಾವ ಒಪ್ಪಂದವೂ ಸುಲಭವಾಗಿ ಗುರುತಿಸುವುದಿಲ್ಲ.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಮದರಾಸಿನಲ್ಲಿ ಉಪವಾಸದಿಂದ ಮಡಿದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಬಂದಿತು. ಹನ್ನೊಂದು ಜಿಲ್ಲೆಗಳು ಇಡಿಯಾಗಿ, ಬಳ್ಳಾರಿ ಜಿಲ್ಲೆಯಿಂದ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಬಿಡಿಯಾಗಿ ಅದಕ್ಕೆ ಸೇರಿದುವು. ರಾಯದುರ್ಗ ಹೀಗೆ ತಾಲ್ಲೂಕಾಗಿ ತೂಗಲ್ಪಟ್ಟು ಅತ್ತ ಹೋಯಿತು. ಮಡಕಶಿರಾವನ್ನು ಯಾರೂ ಬೇರೆಯಾಗಿ ತೂಗಲಿಲ್ಲ. 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರ್ಪಡಿಸಿದಾಗಿನಿಂದ ಆ ಜಿಲ್ಲೆಯೊಳಗೆ ಇದ್ದುದರಿಂದ ಜಿಲ್ಲೆಯೊಂದಿಗೇ ಹೋಯಿತು. ಎಪ್ಪತ್ತು ವರ್ಷ ಹಿಂದಿನ ಕಂದಾಯದ ಗೆರೆಯೊಂದು ಭಾಷೆಯ ಗೆರೆಯಾಗಿಬಿಟ್ಟಿತು. ಮದರಾಸು ನಗರ ಆಂಧ್ರಕ್ಕೆ ಸಿಗಲಿಲ್ಲ. ಹೊಸ ಸರಕಾರ ಕರ್ನೂಲಿನ ಡೇರೆಗಳಲ್ಲಿ ಕಚೇರಿ ಹೂಡಿತು. 1956ರಲ್ಲಿ ದಕ್ಷಿಣ ಕನ್ನಡವೂ ಬೇರ್ಪಟ್ಟು, ಅದೇ ವರ್ಷದ ಕಾಯಿದೆಯಿಂದ ತಮಿಳು ಆಡಳಿತ ಭಾಷೆಯಾದ ಮೇಲೆ ಮದರಾಸಿನ ಸೆಕ್ರೆಟೇರಿಯಟ್ಟಿಗೆ ಕನ್ನಡದ ಗುಮಾಸ್ತ ಅನಗತ್ಯನಾದ.

ಇಲ್ಲಿ ಎರಡು ಮಾರುಕಟ್ಟೆಗಳ ಆಯುಷ್ಯವನ್ನು ಹೋಲಿಸುವುದು ಉಚಿತ. ಭೂಪಟ ಕಟ್ಟಿದ ಕಚೇರಿಯ ಉದ್ಯೋಗವನ್ನು ಭೂಪಟವೇ ಮೂರು ವರ್ಷಗಳಲ್ಲಿ ಅಳಿಸಿತು. ಬಂಧುತ್ವ ಕಟ್ಟಿದ ಹೋಟೆಲಿನ ಉದ್ಯೋಗಕ್ಕೆ ರಾಜ್ಯಗಳ ಮರುವಿಂಗಡಣೆ ತಟ್ಟಲೇ ಇಲ್ಲ. ಡ್ರೈವ್‌ಇನ್ ಮುಚ್ಚಿದ್ದು 2008ರಲ್ಲಿ, ಅದೂ ನೆಲದ ಮೇಲಿನ ಹಕ್ಕಿನ ಕಾರಣಕ್ಕೆ. ಕರಾವಳಿಯವನು ಕಳೆದುಕೊಂಡದ್ದು ಎರಡು ಬಾಗಿಲುಗಳಲ್ಲಿ ಒಂದನ್ನು. ರೊಳ್ಳದವನಿಗೆ ಇದ್ದುದೇ ಒಂದು ಕಿರುಬಾಗಿಲು, ಅದೇ ಹೋಯಿತು.

ಆ ನಷ್ಟವನ್ನು ತುಂಬಿಕೊಡಬಹುದಾಗಿದ್ದ ಕಡಲ ನಗರ ವಿಶಾಖಪಟ್ಟಣ. 1933ರಲ್ಲಿ ಬಂದರು ತೆರೆಯುವವರೆಗೆ ಅದು ಸಾಧಾರಣ ಪಟ್ಟಣ. ಅಲ್ಲಿ ಕಟ್ಟಿದ ‘ಜಲ ಉಷಾ’ ಹಡಗನ್ನು 1948ರ ಮಾರ್ಚಿನಲ್ಲಿ ನೆಹರೂ ನೀರಿಗಿಳಿಸಿದರು. 1957ರಲ್ಲಿ ತೈಲ ಶುದ್ಧೀಕರಣ ಘಟಕ ಬಂದಿತು. ‘ವಿಶಾಖ ಉಕ್ಕು ಆಂಧ್ರರ ಹಕ್ಕು’ ಎಂಬ 1966ರ ಚಳವಳಿಯ ಫಲವಾದ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿದ್ದು 1992ರಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ತೊಂಬತ್ತರ ದಶಕದ ಬಳಿಕ ರಾಮಕೃಷ್ಣ ಬೀಚು, ಋಷಿಕೊಂಡಗಳ ಸುತ್ತ ಹೋಟೆಲು, ವಿಹಾರಧಾಮಗಳು ಎದ್ದುವು, ಐ.ಎನ್.ಎಸ್. ಕುರ್ಸುರಾ ಎಂಬ ಜಲಾಂತರ್ಗಾಮಿ 2002ರಿಂದ ದಡದ ಮೇಲಿನ ವಸ್ತುಸಂಗ್ರಹಾಲಯವಾಯಿತು. 2014ರ ಅಕ್ಟೋಬರಿನ ಹುದ್‌ಹುದ್ ಚಂಡಮಾರುತ ನಗರವನ್ನು ಬಡಿದರೂ ಬೆಳವಣಿಗೆ ನಿಲ್ಲಲಿಲ್ಲ. 2025ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ಗೆ ಇಪ್ಪತ್ತೊಂದು ಎಕರೆಗೂ ಮಿಕ್ಕ ನೆಲವನ್ನು 99 ಪೈಸೆಗೆ ಕೊಡಲು ರಾಜ್ಯ ಸರಕಾರ ನಿರ್ಧರಿಸಿತು. ಅದೇ ವರ್ಷ ಗೂಗಲ್ ಸಂಸ್ಥೆಯ ದತ್ತಾಂಶ ಕೇಂದ್ರದ ಘೋಷಣೆಯೂ ಆಯಿತು. ಬಂದರಿನ ಹಮಾಲಿಯಿಂದ ಉಕ್ಕಿನ ಕಾರ್ಮಿಕನಿಗೆ, ಅಲ್ಲಿಂದ ಹೋಟೆಲು ಮತ್ತು ಗಣಕದ ಸೇವಕನಿಗೆ: ನಗರದ ಉದ್ಯೋಗದ ಸ್ವರೂಪ ತೊಂಬತ್ತು ವರ್ಷಗಳಲ್ಲಿ ಮೂರು ಬಾರಿ ಮಗ್ಗುಲು ಬದಲಿಸಿದೆ.

ಆದರೆ ರೊಳ್ಳದಿಂದ ಅಲ್ಲಿಗೆ ಎಂಟುನೂರು ಕಿಲೋಮೀಟರಿಗೂ ಮೀರಿದ ಹಾದಿ. ಅದಕ್ಕಿಂತ ಗಟ್ಟಿಯಾದ ಬೇಲಿಯನ್ನು ಕಾನೂನು ಹಾಕಿತು. 1969ರ ತೆಲಂಗಾಣ, 1972ರ ಆಂಧ್ರ ಚಳವಳಿಗಳೆರಡೂ ನೌಕರಿಯ ಹಂಚಿಕೆಯ ಸುತ್ತ ಹುಟ್ಟಿದುವು. ಅವುಗಳ ಪರಿಹಾರವಾಗಿ 1973ರ ಷಟ್ಸೂತ್ರ, ಸಂವಿಧಾನದ 371-ಡಿ ವಿಧಿ, 1975ರ ರಾಷ್ಟ್ರಪತಿ ಆಜ್ಞೆಗಳು ಬಂದುವು. ಆ ಆಜ್ಞೆ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿತು. ವಿಶಾಖಪಟ್ಟಣ ಒಂದನೆಯ ವಲಯ. ಅನಂತಪುರ, ಕಡಪ, ಕರ್ನೂಲು, ಚಿತ್ತೂರು ನಾಲ್ಕನೆಯ ವಲಯ. ಕೆಳದರ್ಜೆಯ ಗುಮಾಸ್ತ ಮತ್ತು ಅದಕ್ಕೆ ಸಮನಾದ ಹುದ್ದೆಗಳಲ್ಲಿ ಶೇ. 80 ಆಯಾ ಜಿಲ್ಲೆಯವರಿಗೆ, ಮೇಲಿನ ಪತ್ರಾಂಕಿತವಲ್ಲದ ಹುದ್ದೆಗಳಲ್ಲಿ ಶೇ. 70 ಆಯಾ ವಲಯದವರಿಗೆ. 1974ರ ಇನ್ನೊಂದು ಆಜ್ಞೆ ಕಾಲೇಜು ಪ್ರವೇಶಕ್ಕೂ ಇಂಥದೇ ಗೆರೆ ಎಳೆದು ಶೇ. 85 ಸ್ಥಾನಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಆಂಧ್ರ ವಿಶ್ವವಿದ್ಯಾನಿಲಯದ ಪ್ರದೇಶಕ್ಕೆ ಅನಂತಪುರದವನು ಸ್ಥಳೀಯನಲ್ಲ.

ಈ ನಿಯಮಗಳನ್ನು ಕನ್ನಡಿಗರ ವಿರುದ್ಧದವೆನ್ನುವಂತಿಲ್ಲ. ಅವು ಹಿಂದುಳಿದ ರಾಯಲಸೀಮೆಯ ಹುದ್ದೆಗಳನ್ನು ಕರಾವಳಿಯ ಸ್ಪರ್ಧೆಯಿಂದ ಕಾಪಾಡಿದುವು. ಶ್ರೀಬಾಗ್ ಒಪ್ಪಂದದ ಭಯಕ್ಕೆ ನಾಲ್ಕು ದಶಕಗಳ ಮೇಲೆ ದೊರೆತ ಉತ್ತರ ಅವು. ಅನಂತಪುರದ ಗುಮಾಸ್ತ ಹುದ್ದೆ ರೊಳ್ಳದವನಿಗೂ ಸಿಗಬಹುದು. ಆದರೆ ‘ಸ್ಥಳೀಯ’ ಎಂಬುದಕ್ಕೆ ಆಜ್ಞೆ ಕೊಟ್ಟ ಅರ್ಥ ಗಡಿಯ ಹಳ್ಳಿಗೆ ಬಿಗಿಯಾಯಿತು. ಹುಟ್ಟಿದ ಊರು, ಹೊಲವಿರುವ ಊರು, ಮತದ ಪಟ್ಟಿಯಲ್ಲಿ ಹೆಸರಿರುವ ಊರು ಇವು ಯಾವುವೂ ಓದಿದವನ ಮಟ್ಟಿಗೆ ಸಾಕಾಗವು. ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವಂತೆ ಎಡೆಬಿಡದೆ ನಾಲ್ಕು ವರ್ಷ ಆ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಅದಾಗದಿದ್ದರೆ ಏಳು ವರ್ಷಗಳ ವ್ಯಾಸಂಗದಲ್ಲಿ ಹೆಚ್ಚಿನ ಪಾಲು ಅಲ್ಲಿ ಕಳೆದಿರಬೇಕು. ಕನ್ನಡದಲ್ಲಿಯೇ ಮುಂದೆ ಓದಲೆಂದು, ಇಲ್ಲವೆ ಶಿರಾದಲ್ಲಿ ಸೋದರಮಾವನ ಮನೆಯಿದೆಯೆಂದು, ತಂದೆತಾಯಿಗಳು ಮಗುವನ್ನು ಗಡಿಯಾಚೆಯ ಪ್ರೌಢಶಾಲೆಗೆ ಹಾಕಿದರೆ, ಆ ಮಗು ತನ್ನ ಜಿಲ್ಲೆಯಲ್ಲಿಯೇ ಪರಸ್ಥಳದವನಾಗುತ್ತದೆ. ಭಾಷೆಗಾಗಿ ಮಾಡಿದ ಆಯ್ಕೆಗೆ ಹತ್ತು ವರ್ಷಗಳ ಅನಂತರ ನೌಕರಿಯಲ್ಲಿ ಬೆಲೆ ತೆರಬೇಕಾಗುತ್ತದೆ.

ಗಡಿಯ ಈಚೆಗೇ ಉಳಿದು ಕನ್ನಡದಲ್ಲಿ ಓದಿದವನ ಸ್ಥಿತಿ ಬೇರೆ. ಸಂವಿಧಾನದ 350-ಎ ವಿಧಿಯ ಆಶ್ರಯದಲ್ಲಿ ಕನ್ನಡ ಶಾಲೆಗಳು ಉಳಿದುವು. 1966ರಲ್ಲಿ ತೆಲುಗು ಕಾಯಿದೆಯಂತೆ ಆಡಳಿತ ಭಾಷೆಯಾದ ಮೇಲೆ ಆ ಶಾಲೆಗಳಿಂದ ಹೊರಬಂದವನ ಕನ್ನಡ ನೇರವಾಗಿ ಸಂಬಳವಾಗಿ ಮಾರ್ಪಡುವುದು ಹೆಚ್ಚಾಗಿ ಒಂದೇ ಕಡೆ: ಮತ್ತೊಂದು ಕನ್ನಡ ಶಾಲೆಯ ಮೇಷ್ಟರ ಹುದ್ದೆಯಲ್ಲಿ. ಶಾಲೆ ಮೇಷ್ಟರನ್ನು ಹುಟ್ಟಿಸುತ್ತದೆ, ಮೇಷ್ಟರು ಶಾಲೆಯನ್ನು ಉಳಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಬರವಣಿಗೆಯ ಇನ್ನೊಂದು ಹಳೆಯ ವೃತ್ತಿಯಾಗಿದ್ದ ಶಾನುಭೋಗಿಕೆಯನ್ನು 1984ರ ಜನವರಿಯಲ್ಲಿ ಎನ್.ಟಿ. ರಾಮರಾಯರ ಸರಕಾರ ರದ್ದುಗೊಳಿಸಿತು. ವಂಶಪಾರಂಪರ್ಯದ ಆ ಹುದ್ದೆ ಹೋದದ್ದಕ್ಕೆ ರೈತರು ಅಳಬೇಕಾದ ಕಾರಣವಿಲ್ಲ. ಆದರೂ ಮನ್ರೋನ ಕಾಲದಿಂದ ಊರಿನ ಲೆಕ್ಕವನ್ನು ಊರಿನ ಬರವಣಿಗೆಗೆ ಜೋಡಿಸಿದ್ದ ಕೊನೆಯ ಸಂಬಳದ ಕೊಂಡಿ ಅದರೊಂದಿಗೆ ಕಳಚಿತು.

ದುಡಿಯುವವರು ಕಾಯಲಿಲ್ಲ. ಶಿರಾದ ಹೆದ್ದಾರಿ ಹಿಡಿದರೆ ಬೆಂಗಳೂರು ಸುಮಾರು ನೂರೈವತ್ತು ಕಿಲೋಮೀಟರು. ಕಟ್ಟಡದ ಕೂಲಿ, ಸಿದ್ಧ ಉಡುಪಿನ ಕಾರ್ಖಾನೆ, ಕಾವಲುಗಾರಿಕೆ, ಕಾರು ಓಡಿಸುವ ಕೆಲಸ: ಇವಕ್ಕೆ ಭಾಷಾ ಪರೀಕ್ಷೆಯಿಲ್ಲ, ವಲಯವಿಲ್ಲ, ಊರಿನವರೊಬ್ಬರು ಮೊದಲು ಹೋಗಿ ಕೋಣೆ ಹಿಡಿದಿದ್ದರೆ ಸಾಕು. ಉಡುಪಿಯವರಿಗೆ ನೂರು ವರ್ಷ ಹಿಂದೆ ಮದರಾಸಿನಲ್ಲಿ ದೊರೆತ ಕೊಂಡಿ ರೊಳ್ಳದವರಿಗೆ ಕಡಲಿಲ್ಲದ ಬೆಂಗಳೂರಿನಲ್ಲಿ ದೊರೆಯಿತು. ಪೆನುಗೊಂಡೆಯ ಬಳಿ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಆರಂಭಿಸಿದಾಗ ಮೂಡಲಿಗೂ ಒಂದು ದಾರಿ ತೆರೆಯಿತು. ಅದೇ ವರ್ಷದ ಆಂಧ್ರದ ಕಾಯಿದೆ ಕೈಗಾರಿಕೆಗಳಲ್ಲಿ ಶೇ. 75 ಹುದ್ದೆಗಳನ್ನು ರಾಜ್ಯದ ನಿವಾಸಿಗಳಿಗೆ ಮೀಸಲಿಟ್ಟಿತು. ಅದು ನಿವಾಸವನ್ನು ಕೇಳಿತು, ಮನೆಮಾತನ್ನು ಕೇಳಲಿಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿದ ಮಸೂದೆ ಎರಡನ್ನೂ ಕೇಳಿತ್ತು: ಕನ್ನಡ ಓದಿ ಬರೆದು ಮಾತನಾಡಬಲ್ಲವನಾಗಿರಬೇಕು, ಜತೆಗೆ ಕರ್ನಾಟಕದಲ್ಲಿ ಹುಟ್ಟಿ ಹದಿನೈದು ವರ್ಷ ಅಲ್ಲಿ ನೆಲಸಿದವನಾಗಿರಬೇಕು. ಮಸೂದೆ ಜಾರಿಗೆ ಬಂದಿದ್ದರೆ ಮೊದಲನೆಯದನ್ನು ಪೂರೈಸಿ ಎರಡನೆಯದರಲ್ಲಿ ಸೋಲುವವರ ಪಟ್ಟಿಯಲ್ಲಿ ಮಡಕಶಿರಾದವರು ಇರುತ್ತಿದ್ದರು. ಶೇಷಾದ್ರಿ ಅಯ್ಯರರ ಕಾಲದ ‘ಮದರಾಸಿ’ ಎಂಬ ಹೆಸರು ಹೊಸ ಮಾತಿನಲ್ಲಿ ಹಿಂದಿರುಗಿದಂತೆ ಅದು.

2022ರ ಏಪ್ರಿಲ್ 4ರಂದು ರೊಳ್ಳ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆಂಧ್ರದ ಕನ್ನಡ ಸೀಮೆಯ ಈ ಎರಡು ತುಂಡುಗಳಿಗೆ ಈಗ ಜಿಲ್ಲಾ ಕೇಂದ್ರವೂ ಬೇರೆ. ಸರಕಾರಿ ಹುದ್ದೆಗೆ ಅರ್ಜಿ ಹಾಕುವ ರೊಳ್ಳದ ಹುಡುಗಿ ಇಂದಿಗೂ ಮೊದಲು ಹೋಗಬೇಕಾದದ್ದು ತಾನು ಓದಿದ ಶಾಲೆಗೆ, ನಾಲ್ಕನೆಯ ತರಗತಿಯಿಂದ ಹತ್ತನೆಯವರೆಗಿನ ವ್ಯಾಸಂಗದ ಪ್ರಮಾಣಪತ್ರಗಳನ್ನು ತರಲು.